ಗದ್ದೆಯ ಕ್ರಿಕೆಟ್ಟು ಮತ್ತು ನಮ್ಮ ಸಾಹಿತ್ಯ

ಆಟದ ವಿಷಯ ಬಂದಾಗ ನಮ್ಮ ಸಾಹಿತ್ಯ ವಿಮರ್ಶಕರು ಸಾಮಾನ್ಯವಾಗಿ ಮೌನ ತಾಳುತ್ತಾರೆ. ಆಟವೆಂಬುದು ಮೈದಾನಕ್ಕೆ ಸೇರಿದ್ದು, ಹೆಚ್ಚೆಂದರೆ ಪತ್ರಿಕೆಯ ಕ್ರೀಡಾಪುಟಕ್ಕೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪಂದ್ಯದ ಮಟ್ಟಿಗೆ ಈ ಭಾವನೆ ತಪ್ಪೇನೂ ಅಲ್ಲ. ಯಾರು ಎಷ್ಟು ಓಟ ಗಳಿಸಿದರು, ಯಾರು ಎಷ್ಟು ಹುದ್ದರಿ ಉರುಳಿಸಿದರು ಎಂಬುದನ್ನು ವರದಿಗಾರನು ಮರುದಿನವೇ ಬರೆದು ಮುಗಿಸುತ್ತಾನೆ. ಅದಕ್ಕೆ ಕಥೆಗಾರನ ಹಂಗಿಲ್ಲ. ಆದರೆ ಪಂದ್ಯಕ್ಕೆ ಮುಂಚೆ ಒಂದು ಊರು ಪಂದ್ಯಕ್ಕೆ ಸಿದ್ಧವಾಗಬೇಕಷ್ಟೆ. ಆ ಸಿದ್ಧತೆಯಲ್ಲಿ ನೆಲ ಯಾರದು, ಹಣ ಯಾರದು, ಬೆವರು ಯಾರದು, ಮಾತು ಯಾರದು ಎಂಬ ಪ್ರಶ್ನೆಗಳು ಒಂದರ ಹಿಂದೆ ಒಂದು ಎದ್ದುಬರುತ್ತವೆ. ಇವು ಕಾದಂಬರಿಕಾರನ ಪ್ರಶ್ನೆಗಳು. ಹಾಗಿದ್ದೂ ಹಳ್ಳಿಯ ಕ್ರಿಕೆಟ್ ಸಂಘವನ್ನು ನಡುವೆ ಇಟ್ಟುಕೊಂಡು ಬರೆದ, ಮನಸ್ಸಿನಲ್ಲಿ ನಿಲ್ಲುವಂಥ ಕನ್ನಡ ಕೃತಿಯೊಂದನ್ನು ಹೆಸರಿಸಿ ಎಂದು ಯಾರಾದರೂ ಕೇಳಿದರೆ ನನ್ನಂಥ ಕನ್ನಡದ ಅಧ್ಯಾಪಕನೂ ತಡವರಿಸಬೇಕಾಗುತ್ತದೆ. ಈ ಕೊರತೆಯ ವಿಚಾರವಾಗಿ ನಾಲ್ಕು ಮಾತು ಹೇಳುವುದು ಪ್ರಸ್ತುತ ಲೇಖನದ ಉದ್ದೇಶ.

ನಾನು ಪಾಠ ಹೇಳುವುದು ಚಿಕ್ಕಮಗಳೂರಿನಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಕಡೆಯವರು. ಅವರ ಊರುಗಳಿಗೆ ಹೋಗಿ ಬರುವ ಅಭ್ಯಾಸ ಇಟ್ಟುಕೊಂಡಿರುವುದರಿಂದ ಅಲ್ಲಿನ ಕ್ರಿಕೆಟ್ ಋತುವಿನ ಆರಂಭವನ್ನು ಕೆಲವು ವರ್ಷ ಹತ್ತಿರದಿಂದ ನೋಡಿದ್ದೇನೆ. ಈ ಋತುವನ್ನು ಯಾವ ಕ್ರಿಕೆಟ್ ಮಂಡಳಿಯೂ ಗೊತ್ತುಮಾಡುವುದಿಲ್ಲ; ಗೊತ್ತುಮಾಡುವುದು ಮಳೆ, ಭತ್ತ ಮತ್ತು ಕಾಫಿ. ಕಾಫಿ ಬೆಟ್ಟಗಳಲ್ಲಿ ಸಮತಟ್ಟಾದ ನೆಲವೆಂದರೆ ಕಣಿವೆಯ ಗದ್ದೆ. ಮುಂಗಾರಿನಿಂದ ಕೊಯ್ಲಿನವರೆಗೆ ಅದು ನೀರಿನ ವಶ, ಪೈರಿನ ವಶ. ಭತ್ತ ಮನೆ ಸೇರಿ, ನವೆಂಬರಿನಲ್ಲಿ ಮೊದಲಾದ ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಹಣ್ಣೂ ಕಣದ ದಾರಿ ಹಿಡಿಯುವ ಹೊತ್ತಿಗೆ ಗದ್ದೆ ಒಣಗಿ ಗಟ್ಟಿಯಾಗಿರುತ್ತದೆ. ಆಗ ಸಂಘಕ್ಕೆ ಜೀವ ಬರುತ್ತದೆ. ಮತ್ತೆ ಮಳೆ ಹಿಡಿಯುವ ತನಕ ಸಿಕ್ಕುವುದು ಮೂರು ನಾಲ್ಕು ತಿಂಗಳು.

ಆ ಕೆಲವು ವಾರಗಳ ಸಿದ್ಧತೆಯನ್ನು ಕಣ್ಣಾರೆ ಕಂಡವರಿಗೆ ಅದರಲ್ಲಿ ಎಷ್ಟು ಕಥೆ ಅಡಗಿದೆಯೆಂಬುದು ತಾನಾಗಿಯೇ ಹೊಳೆಯುತ್ತದೆ. ಮೊದಲು ಗದ್ದೆ ಕೇಳಬೇಕು. ನಾಲ್ಕು ಗದ್ದೆ ಸೇರಿಸಿ ನಡುವಣ ಬದು ತೆಗೆಯಬೇಕು; ಮಳೆಗಾಲಕ್ಕೆ ಮುಂಚೆ ಬದು ಮತ್ತೆ ಕಟ್ಟಿಕೊಡುತ್ತೇವೆಂದು ಮಾತು ಕೊಡಬೇಕು. ಕೂಳೆ ಸವರಬೇಕು. ನಡುವೆ ಇಪ್ಪತ್ತೆರಡು ಗಜ ನೆಲಕ್ಕೆ ನೀರು ಚಿಮುಕಿಸಿ, ಮರದ ದಿಮ್ಮಿಯಿಂದ ಬಡಿದು, ಸಗಣಿ ಸಾರಿಸಬೇಕು. ಒಕ್ಕಣೆಗೆ ಕಣ ಮಾಡುತ್ತಿದ್ದ ಅಜ್ಜಂದಿರ ವಿದ್ಯೆಯೇ ಇಲ್ಲಿ ಮೊಮ್ಮಕ್ಕಳ ಪಿಚ್ಚಿಗೆ ಒದಗಿದ್ದನ್ನು ನಾನು ಒಂದೂರಿನಲ್ಲಿ ಕಂಡೆ. ಬಳಿಕ ವಂತಿಗೆಯ ಪಟ್ಟಿ ಬರುತ್ತದೆ. ಟೆನ್ನಿಸ್ ಚೆಂಡು, ಬ್ಯಾಟು, ಹೆಸರು ಅಚ್ಚುಮಾಡಿದ ಅಂಗಿ, ಹೊರಗಿನ ಟೂರ್ನಿಗಳ ಪ್ರವೇಶಧನ, ಜೀಪಿನ ಬಾಡಿಗೆ ಎಲ್ಲಕ್ಕೂ ಹಣ ಬೇಕು. ಹೆಚ್ಚು ಕೊಟ್ಟವರ ಹೆಸರು ಅಂಗಿಯ ಬೆನ್ನಿಗೆ, ಕಡಿಮೆ ಕೊಟ್ಟವರ ಹೆಸರು ರಶೀದಿ ಪುಸ್ತಕಕ್ಕೆ. ಕೊನೆಗೆ ಹನ್ನೊಂದು ಮಂದಿಯ ಆಯ್ಕೆ. ಮಾತು ದಪ್ಪವಾಗುವುದು ಇಲ್ಲಿ.

ಇದೆಲ್ಲದರ ಮೇಲೆ ಮಳೆಯ ಕಣ್ಣೊಂದಿದೆ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಗಿಡಕ್ಕೆ ಹೂಮಳೆ ಬೇಕು. ಅದು ಹೊತ್ತಿಗೆ ಸರಿಯಾಗಿ ಬಿದ್ದರೆ ವಾರ ಹತ್ತು ದಿನದಲ್ಲಿ ಬೆಟ್ಟವೆಲ್ಲ ಬಿಳಿ ಹೂವಾಗಿ, ಮಲ್ಲಿಗೆಯಂಥ ಕಂಪು ಊರು ತುಂಬುತ್ತದೆ. ಬೀಳದಿದ್ದರೆ ಮುಂದಿನ ಫಸಲು ಸೊರಗುತ್ತದೆ. ಹೀಗಾಗಿ ಪಂದ್ಯಕ್ಕೆ ಹಣ ಕೊಟ್ಟ ತೋಟದ ಯಜಮಾನರು ಯಾವ ಮೋಡವನ್ನು ಹಾರೈಸುತ್ತಾರೋ ಅದೇ ಮೋಡವನ್ನು ಸಂಘದ ಹುಡುಗರು ಶಪಿಸುತ್ತಾರೆ. ಮಳೆ ಬಂತೆಂದರೆ ಪಿಚ್ಚು ಕೆಸರು. ಹೂ ಬಿಟ್ಟಿತೆಂದರೆ ಚೆಂಡು ತೋಟಕ್ಕೆ ಹಾರಿದರೂ ಹೂ ಉದುರೀತೆಂದು ಒಳಗೆ ಯಾರೂ ಕಾಲಿಡುವಂತಿಲ್ಲ. ಒಂದೇ ಊರಿನ ಎರಡು ಪ್ರಾರ್ಥನೆಗಳು ಹೀಗೆ ಆಕಾಶದಲ್ಲಿ ಡಿಕ್ಕಿ ಹೊಡೆಯುವ ಸನ್ನಿವೇಶ ಯಾವ ಹಾಸ್ಯಲೇಖಕನಿಗಾದರೂ ಹಬ್ಬವಲ್ಲವೆ?

ಸಿದ್ಧತೆಯಲ್ಲಿ ಕಥೆಯಿದೆ ಎಂಬುದನ್ನು ನಮ್ಮ ನಾಡಿನ ಲೇಖಕರೊಬ್ಬರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಆದರೆ ಅವರು ಬರೆದದ್ದು ಇಂಗ್ಲಿಷಿನಲ್ಲಿ. ಮೈಸೂರಿನ ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ ಪ್ರಕಟವಾದದ್ದು 1935ರಲ್ಲಿ. ಅದರ ಉತ್ತರಾರ್ಧವನ್ನೆಲ್ಲ ಆವರಿಸಿರುವುದು ಮಾಲ್ಗುಡಿಯ ಹುಡುಗರು ಕಟ್ಟಿದ ಎಂ.ಸಿ.ಸಿ. ಎಂಬ ಕ್ರಿಕೆಟ್ ಸಂಘ. ಸಂಘಕ್ಕೆ ಹೆಸರಿಡುವುದೇ ಒಂದು ದೊಡ್ಡ ಚರ್ಚೆ. ಸಂಘ ನಡೆಸಿದರೆ ಸರ್ಕಾರಕ್ಕೆ ತೆರಿಗೆ ಕೊಡಬೇಕೋ ಏನೋ ಎಂಬ ಅಂಜಿಕೆ ಬೇರೆ. ಮದರಾಸಿನ ಅಂಗಡಿಗೆ ಬ್ಯಾಟು ಚೆಂಡು ಕಳಿಸಿರೆಂದು ಕಾಗದ ಹೋಗುತ್ತದೆ. ಮುಂಗಡ ಹಣ ಕೇಳಿ ಉತ್ತರ ಬಂದರೆ ಅದರ ಅರ್ಥವೇ ಹುಡುಗರಿಗೆ ಆಗುವುದಿಲ್ಲ. ಇಷ್ಟೆಲ್ಲ ಪುಟಗಳನ್ನು ಸಿದ್ಧತೆಗೆ ಮೀಸಲಿಟ್ಟ ನಾರಾಯಣರು ಪಂದ್ಯವನ್ನು ಮಾತ್ರ ನಮಗೆ ನೇರವಾಗಿ ತೋರಿಸುವುದೇ ಇಲ್ಲ. ಪಂದ್ಯದ ದಿನ ಸ್ವಾಮಿ ಊರಿನಲ್ಲಿಲ್ಲ. ಅವನಿಲ್ಲದೆ ತಂಡ ಸೋಲುತ್ತದೆ. ಸೋಲಿನ ಸುದ್ದಿ ಅವನಿಗೂ ನಮಗೂ ಮತ್ತೊಬ್ಬನ ಬಾಯಿಂದ ತಿಳಿಯುತ್ತದೆ.

ಇದನ್ನು ಕೇವಲ ತಂತ್ರವೆಂದು ತಿಳಿಯಬಾರದು. ಸ್ವಾಮಿ ಊರು ಬಿಟ್ಟದ್ದೇಕೆ? ಸಂಜೆಯ ಡ್ರಿಲ್ ತರಗತಿಗೂ ಸಂಜೆಯ ಅಭ್ಯಾಸಕ್ಕೂ ತಾಕಲಾಟ ಬಂದದ್ದರಿಂದ. ಸಹಾಯ ಮಾಡುತ್ತೇನೆಂದು ಆಶ್ವಾಸನೆ ಕೊಟ್ಟ ವೈದ್ಯರು ಶಾಲೆಗೆ ಹೇಳಿರಲಿಲ್ಲ. ಮುಖ್ಯೋಪಾಧ್ಯಾಯರು ಬೆತ್ತ ಎತ್ತುತ್ತಾರೆ, ಹುಡುಗ ಓಡುತ್ತಾನೆ. ಆಡಬೇಕೆಂಬ ಆಸೆ ಒಂದು ಕಡೆ, ಹೊತ್ತಿನ ಮೇಲೆ ಹಕ್ಕಿರುವ ದೊಡ್ಡವರು ಇನ್ನೊಂದು ಕಡೆ. ಹುಡುಗನ ಸಂಜೆ ಯಾರಿಗೆ ಸೇರಿದ್ದು ಎಂಬುದು ಈ ಕಾದಂಬರಿಯ ಉತ್ತರಾರ್ಧದ ನಿಜವಾದ ವಸ್ತು. ಹಾಸ್ಯದ ತೆಳುಪರದೆಯ ಹಿಂದೆ ನಾರಾಯಣರು ಇಟ್ಟಿರುವ ಈ ನೋವು ಕಡೆಯ ಅಧ್ಯಾಯದಲ್ಲಿ, ರಾಜಂ ಊರು ಬಿಡುವ ರೈಲಿನ ಮುಂದೆ, ಸ್ವಾಮಿಯ ಗಂಟಲನ್ನು ಕಟ್ಟಿಬಿಡುತ್ತದೆ.

1986–87ರಲ್ಲಿ ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಸ್ವಾಮಿಯ ಕಥೆ ನಡೆದದ್ದು ಆಗುಂಬೆಯಲ್ಲಿ. ಬಯಲಿನ ಮಾಲ್ಗುಡಿಗೆ ಮಲೆನಾಡಿನ ಹೆಂಚಿನ ಮನೆ, ತೇವದ ಬೀದಿ ಬಂದವು. ಇಡೀ ದೇಶ ಕಂಡ ಈ ಆಟದ ಹುಡುಗರು ಮಲೆನಾಡಿನ ನೆಲದ ಮೇಲೆ ನಿಂತಿದ್ದರೂ ಮಲೆನಾಡಿನ ಆಟದ ಕಥೆ ಮಾತ್ರ ಹೇಳದೆ ಉಳಿಯಿತು. ನಾರಾಯಣರ ಕಥೆಗೆ ಅದರದೇ ಮಿತಿಯೂ ಇದೆ. ಮಾಲ್ಗುಡಿಯ ಸಂಘದಲ್ಲಿ ನಾಯಕ ಯಾರಾಗಬೇಕೆಂಬ ಜಗಳ ಹತ್ತುವುದಿಲ್ಲ. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ನಾಯಕನಾಗುವುದು ಸೂರ್ಯ ಮೂಡಿದಷ್ಟೇ ಸಹಜ. ನಾರಾಯಣರು ಇದನ್ನು ನಗುತ್ತ ಗಮನಿಸುತ್ತಾರೆ, ಕೆದಕುವುದಿಲ್ಲ. ಕಾಫಿ ಬೆಟ್ಟದ ಸಂಘವನ್ನು ಬರೆಯಹೊರಟವನು ಕೆದಕದೆ ಇರಲಾರ.

ಇಂಗ್ಲೆಂಡಿನವರಿಗೆ ಹಳ್ಳಿಯ ಕ್ರಿಕೆಟ್ಟು ಒಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಮೇರಿ ರಸೆಲ್ ಮಿಟ್‌ಫರ್ಡ್ ಎಂಬ ಲೇಖಕಿ 1824ರಿಂದ 1832ರವರೆಗೆ ಸಂಪುಟಗಳಾಗಿ ಹೊರತಂದ ‘ಅವರ್ ವಿಲೇಜ್’ ಪ್ರಬಂಧಗಳಲ್ಲಿ ಹಳ್ಳಿಯ ಪಂದ್ಯದ ಚಿತ್ರವಿದೆ. ಹ್ಯೂ ಡಿ ಸೆಲಿಂಕೋರ್ಟ್ 1924ರಲ್ಲಿ ಬರೆದ ‘ದಿ ಕ್ರಿಕೆಟ್ ಮ್ಯಾಚ್’ ಕಾದಂಬರಿ ಒಂದೇ ದಿನದ ಕಥೆ: ಮುಂಜಾನೆ ಸಿರಿವಂತನ ಮನೆಯಲ್ಲಿ ಒಬ್ಬ ಏಳುತ್ತಾನೆ, ಕೂಲಿಯ ಮನೆಯಲ್ಲಿ ಇನ್ನೊಬ್ಬ ಏಳುತ್ತಾನೆ, ಮಧ್ಯಾಹ್ನ ಇಬ್ಬರೂ ಒಂದೇ ತಂಡದಲ್ಲಿ ಸೇರುತ್ತಾರೆ. ಅಂತಸ್ತುಗಳು ಒಂದು ಮಧ್ಯಾಹ್ನದ ಮಟ್ಟಿಗೆ ಸಡಿಲವಾಗಿ ಸಂಜೆಗೆ ಮತ್ತೆ ಬಿಗಿಯಾಗುವುದನ್ನು ಈ ಬರವಣಿಗೆ ಸೌಮ್ಯವಾಗಿ ನೋಡುತ್ತದೆ. ಈ ಮಾದರಿಯನ್ನು ನಾವು ಹಾಗೆಯೇ ಎತ್ತಿಕೊಂಡು ಬಂದರೆ ಮಾತ್ರ ನಮ್ಮ ನೆಲಕ್ಕೆ ಹೊಂದುವುದಿಲ್ಲ. ನಮ್ಮಲ್ಲಿ ಅಂತಸ್ತಿನ ಜೊತೆ ಜಾತಿಯೂ ಇದೆ; ಮೇಲಾಗಿ ಕಾಫಿ ಸೀಮೆಯಲ್ಲಿ ತೋಟದ ಮನೆ ಮತ್ತು ಲೈನ್ ಮನೆ ಎಂಬ, ಕಣ್ಣಿಗೆ ಕಾಣುವ ಎರಡು ಲೋಕಗಳಿವೆ. ಆದ್ದರಿಂದ ಮಾದರಿಯನ್ನು ಹತ್ತಿರದಲ್ಲೇ ಹುಡುಕಬೇಕು.

ಮಲೆನಾಡಿನ ಬರವಣಿಗೆಯಲ್ಲಿ ಹಲವರು ಒಂದಾಗಿ ಹೊರಡುವ ಆಟವೆಂದರೆ ಬೇಟೆ. ಮಂಜರಾಬಾದ್ ಸೀಮೆಯ ಕಾಫಿ ಬೆಳೆಗಾರ ಆರ್. ಎಚ್. ಎಲಿಯಟ್ 1894ರಲ್ಲಿ ಪ್ರಕಟಿಸಿದ ‘ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್’ ಗ್ರಂಥದ ಹೆಸರಿನಲ್ಲಿಯೇ ‘ಸ್ಪೋರ್ಟ್’ ಇದೆ. ಅದರ ಅರ್ಥ ಹುಲಿ ಮತ್ತು ಕಾಡುಕೋಣದ ಬೇಟೆ. ಬಿಳಿಯ ಬೆಳೆಗಾರನ ದೃಷ್ಟಿ ಅದು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮತ್ತು ‘ಕಾನೂರು ಹೆಗ್ಗಡಿತಿ’ (1936) ಕೃತಿಗಳಲ್ಲಿ ಬೇಟೆ ಊರಿನವರದೇ ಸಂಭ್ರಮವಾಗಿ ಬರುತ್ತದೆ. ಆ ಸಂಭ್ರಮದ ಒಳಗೆ ಕೆಲಸದ ಹಂಚಿಕೆ ಸ್ಪಷ್ಟವಾಗಿದೆ: ಕೋವಿ ಹಿಡಿದು ಕಾದು ಕೂರುವವರು ಕೆಲವರು, ಕೂಗು ಹಾಕುತ್ತ ಹಳು ನುಗ್ಗುವವರು ಹಲವರು. ಮುಳ್ಳು ಯಾರ ಮೈಗೆ, ಗುರಿಯ ಕೀರ್ತಿ ಯಾರಿಗೆ ಎಂಬುದು ಹುಟ್ಟಿನಿಂದಲೇ ಬಹುಮಟ್ಟಿಗೆ ಗೊತ್ತಾಗಿರುತ್ತದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆಗೆ ಕಾನೂನಿನ ಆಸರೆ ಹೋಯಿತು. ಊರಿನ ಗಂಡಸರನ್ನು ಒಂದೆಡೆ ಸೇರಿಸುವ ಆ ಸ್ಥಾನಕ್ಕೆ ಕಾಲಕ್ರಮದಲ್ಲಿ ಬಂದು ಕುಳಿತದ್ದು ಕ್ರಿಕೆಟ್ಟು ಎಂದು ನನಗೆ ತೋರುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಗದ್ದೆಯ ಆಟ ಹೊಸ ಬೆಳಕಿನಲ್ಲಿ ಕಾಣುತ್ತದೆ. ಬೇಟೆಯಲ್ಲಿ ಹಳು ನುಗ್ಗಿದವನ ಮೊಮ್ಮಗ ಇಂದು ಚೆಂಡು ಹಿಡಿದು, ಕೋವಿ ಹಿಡಿದವರ ಮೊಮ್ಮಗನ ಮುಂದೆ ಇಪ್ಪತ್ತೆರಡು ಗಜ ದೂರದಲ್ಲಿ ನಿಂತಿದ್ದಾನೆ. ಹುದ್ದರಿ ಉರುಳಿದರೆ ಉರುಳಿತು. ಅಲ್ಲಿ ಮನೆತನದ ಶಿಫಾರಸು ನಡೆಯದು. ಇದು ಸಣ್ಣ ಬದಲಾವಣೆಯಲ್ಲ. ಆದರೆ ಸಿದ್ಧತೆಯ ದಿನಗಳಲ್ಲಿ ಗದ್ದೆಯ ಅಂಚಿನಲ್ಲಿ ಕೂತು ನೋಡಿದವನಿಗೆ ಹಳೆಯ ಹಂಚಿಕೆಯ ಉಳಿಕೆಯೂ ಕಾಣುತ್ತದೆ. ಅಭ್ಯಾಸದ ಹೊತ್ತಿನಲ್ಲಿ ಚೆಂಡು ತೋಟಕ್ಕೆ ಹಾರಿದಾಗ ಅದನ್ನು ತರಲು ಗಿಡಗಳ ನಡುವೆ ನುಗ್ಗುವವರು ಯಾರು? ನಾನು ನೋಡಿದ ಕಡೆಗಳಲ್ಲೆಲ್ಲ ಲೈನ್ ಮನೆಯ ಚಿಕ್ಕ ಹುಡುಗರು. ಯಾರೂ ಹೇಳದೆಯೇ ಅವರು ಓಡುತ್ತಾರೆ. ಯಾರೂ ಹೇಳಬೇಕಾಗಿಲ್ಲ ಎಂಬಲ್ಲಿಯೇ ಕಥೆಗಾರನ ಕಿವಿ ನೆಟ್ಟಗಾಗಬೇಕು.

ಸ್ವಾಮಿಯ ಡ್ರಿಲ್ ತರಗತಿಗೆ ಸಮನಾದದ್ದೂ ಇಲ್ಲಿದೆ. ಒಂದು ಸಂಘದ ವೇಗದ ಬೌಲರು ಲೈನ್ ಮನೆಯವನು. ಅವನ ಚೆಂಡನ್ನು ಸುತ್ತಲಿನ ನಾಲ್ಕೂರಿನಲ್ಲಿ ಆಡಬಲ್ಲವರು ಕಡಿಮೆ ಎಂಬ ಖ್ಯಾತಿ. ರೊಬಸ್ಟಾ ಕೊಯ್ಲು ಇನ್ನೂ ನಡೆದಿತ್ತು. ಹಣ್ಣನ್ನು ತೂಕ ಹಾಕಿ ಕೂಲಿ ಕೊಡುವ ದಿನಗಳವು. ಒಂದು ದಿನ ತಪ್ಪಿದರೆ ಅಷ್ಟು ಕೂಲಿ ಖೋತಾ. ಭಾನುವಾರ ಅಭ್ಯಾಸಕ್ಕೆ ಅವನು ಬೇಕೆಂದು ನಾಯಕ, ಅಂದರೆ ತೋಟದ ಯಜಮಾನರ ಮಗ, ತೋಟದ ರೈಟರ ಬಳಿ ಹೋದ. “ರೈಟ್ರೇ, ಭಾನುವಾರ ಒಂದು ದಿನ ಇವನ್ನ ಬಿಡ್ಬೇಕಲ್ಲ” ಎಂದ. ರೈಟರು ನಕ್ಕರು. “ನೀವು ಹೇಳಿದ್ಮೇಲೆ ಬಿಡ್ದೆ ಇರಕ್ಕಾಗುತ್ತಾ? ಆದ್ರೆ ಸಾವ್ಕಾರ್ರಿಗೆ ಹೇಳೋರು ಯಾರು?” ಎಂದರು. ಮಗ ಸುಮ್ಮನಾದ. ಬೌಲರು ಇಬ್ಬರ ನಡುವೆ ನಿಂತು ನೆಲ ನೋಡುತ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ಆ ಭಾನುವಾರ ಅವನು ಕೊಯ್ಲಿಗೆ ಹೋದ, ಮುಂದಿನ ಭಾನುವಾರ ಅಭ್ಯಾಸಕ್ಕೆ ಬಂದ. ಮೇಲುನೋಟಕ್ಕೆ ಏನೂ ನಡೆಯಲಿಲ್ಲ. ಆದರೆ ಅಪ್ಪನಿಗೆ ಹೇಳಲಾರದ ಮಗ, ಉತ್ತರವನ್ನು ಪ್ರಶ್ನೆಯಾಗಿ ತಿರುಗಿಸಿದ ರೈಟರು, ತನ್ನ ಭಾನುವಾರದ ಬಗ್ಗೆ ಮಾತಿಲ್ಲದೆ ನಿಂತ ಆಟಗಾರ, ಈ ಮೂವರಲ್ಲಿ ಒಂದು ಒಳ್ಳೆಯ ಸಣ್ಣ ಕಥೆಗೆ ಇನ್ನೇನು ಬೇಕು?

ಇಂಥ ಸನ್ನಿವೇಶದಲ್ಲಿ ಲೇಖಕನಿಗೆ ಎರಡು ಸುಲಭದ ದಾರಿಗಳಿವೆ, ಎರಡೂ ತಪ್ಪು. ಮೊದಲನೆಯದು, ಆಟ ಎಲ್ಲ ಭೇದಗಳನ್ನೂ ಅಳಿಸಿಬಿಡುತ್ತದೆಂದು ಹಾಡುವುದು. 2001ರಲ್ಲಿ ಬಂದ ‘ಲಗಾನ್’ ಹಿಂದಿ ಚಿತ್ರದಲ್ಲಿ ಅಸ್ಪೃಶ್ಯನಾದ ಕಛ್ರಾನನ್ನು ತಂಡಕ್ಕೆ ಸೇರಿಸಲು ಊರವರು ಒಪ್ಪುವುದಿಲ್ಲ. ನಾಯಕ ಒಂದು ಭಾಷಣ ಮಾಡುತ್ತಾನೆ. ಊರಿನ ಮನಸ್ಸು ಕರಗುತ್ತದೆ. ಚಿತ್ರಮಂದಿರದಲ್ಲಿ ನಾನೂ ಇದನ್ನು ಸಂತೋಷದಿಂದ ನೋಡಿದೆ. ಆದರೆ ಇತಿಹಾಸ ಬೇರೆ ಮಾತು ಹೇಳುತ್ತದೆ. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಚಮ್ಮಾರ ಕುಲದವರು. ಪುಣೆಯಲ್ಲಿ ಅವರ ಕ್ರಿಕೆಟ್ ಜೀವನ ಮೊದಲಾದದ್ದು ಪಿಚ್ಚು ಹದಮಾಡುವ ಆಳಾಗಿ. ಆಂಗ್ಲರ ಸಂಘದಲ್ಲಿ ದೊರೆಗಳ ಅಭ್ಯಾಸಕ್ಕೆ ಚೆಂಡೆಸೆಯುತ್ತ ಎಸೆಯುತ್ತ ಅವರು ನಿಪುಣರಾದರು. ಹಿಂದೂಗಳ ತಂಡಕ್ಕೆ ಅವರ ಕೈಚಳಕ ಬೇಕಾಯಿತು. ಮೈದಾನದಲ್ಲಿ ಅವರ ಕೈಯ ಚೆಂಡನ್ನು ಮುಟ್ಟಿದ ಸಂಗಡಿಗರೇ, ಚಹದ ವಿರಾಮದಲ್ಲಿ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಚಹ ಕೊಡಿಸಿದರೆಂಬುದನ್ನು ರಾಮಚಂದ್ರ ಗುಹಾ 2002ರ ತಮ್ಮ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಗ್ರಂಥದಲ್ಲಿ ವಿವರಿಸಿದ್ದಾರೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಮೇಲ್ಪಟ್ಟು ಹುದ್ದರಿ ಪಡೆದ ಬೌಲರಿಗೂ ಹಿಂದೂ ತಂಡದ ನಾಯಕತ್ವ ದೊರೆಯಲಿಲ್ಲ. ಆ ಗೌರವ ಅವರ ತಮ್ಮ ವಿಠಲರಿಗೆ ಸಿಕ್ಕುವ ಹೊತ್ತಿಗೆ 1923 ಬಂದಿತ್ತು. ಆಟ ಬಾಗಿಲು ತೆರೆಯಿತು ನಿಜ. ಪಂಕ್ತಿಗೆ ಕರೆಯಲು ಅದಕ್ಕೆ ಬಹಳ ಕಾಲ ಹಿಡಿಯಿತು.

ಎರಡನೆಯ ಸುಲಭದ ದಾರಿ, ಎಲ್ಲವೂ ಸೋಗು, ಏನೂ ಬದಲಾಗಿಲ್ಲ ಎಂದು ತೀರ್ಪು ಕೊಡುವುದು. ಗದ್ದೆಯ ಅಂಚಿನಲ್ಲಿ ಹೊತ್ತು ಕಳೆದವರು ಇದನ್ನೂ ಒಪ್ಪಲಾರರು. ಹನ್ನೊಂದು ಮಂದಿಯ ಆಯ್ಕೆಯ ಸಭೆಯಲ್ಲಿ ಲೈನ್ ಮನೆಯ ಹುಡುಗನೊಬ್ಬ ಎದ್ದು ನಿಂತು, “ಅಣ್ಣ, ನೀವು ಹೋದ್ಸಲ ಮೂರು ಕ್ಯಾಚ್ ಬಿಟ್ರಿ, ಈ ಸಲ ಸ್ಲಿಪ್ಪಲ್ಲಿ ನಿಲ್ಬೇಡಿ” ಎಂದು ತೋಟದ ಮನೆಯವನಿಗೆ ನೇರವಾಗಿ ಹೇಳಿದ್ದನ್ನು ಕೇಳಿದ್ದೇನೆ. ಆ ‘ನೀವು’ ಹಳೆಯದು. ಆ ಮಾತು ಹೊಸದು. ಎರಡೂ ಒಂದೇ ವಾಕ್ಯದಲ್ಲಿರುವುದನ್ನು ಕೇಳಿಸಿಕೊಳ್ಳಬಲ್ಲ ಗದ್ಯ ನಮಗೆ ಬೇಕಾಗಿದೆ.

ಅಂಥ ಗದ್ಯ ಕನ್ನಡಕ್ಕೆ ಹೊಸದೇನೂ ಅಲ್ಲ. ಮೂಡಿಗೆರೆಯಲ್ಲಿಯೇ ನೆಲಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ನೆನೆಯಬಹುದು. ಅದು ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ. ವಿಜ್ಞಾನಿ ಕರ್ವಾಲೊ, ಕೃಷಿಕನಾದ ನಿರೂಪಕ, ಜೇನು ಹುಡುಕಿಕೊಂಡು ಅಲೆಯುವ ಮಂದಣ್ಣ, ಛಾಯಾಗ್ರಾಹಕ ಪ್ರಭಾಕರ, ಮರ ಹತ್ತುವ ಬಿರಿಯಾನಿ ಕರಿಯಪ್ಪ, ಇವರನ್ನು ಬೇರೆ ಯಾವ ಸಂದರ್ಭವೂ ಒಂದುಗೂಡಿಸುತ್ತಿರಲಿಲ್ಲ. ಊರಿನ ಕಣ್ಣಿಗೆ ದಡ್ಡನಾದ ಮಂದಣ್ಣನು ಕಾಡಿನಲ್ಲಿ ವಿಜ್ಞಾನಿಗೇ ದಾರಿ ತೋರುವವನಾಗುತ್ತಾನೆ. ಒಂದು ಗುರಿಗಾಗಿ ಸೇರಿದ ಗುಂಪಿನಲ್ಲಿ ಯಾರ ತಿಳಿವಳಿಕೆಗೆ ಬೆಲೆ, ಯಾರ ಮಾತಿಗೆ ಕಿವಿ ಎಂಬುದು ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ತೇಜಸ್ವಿ ಭಾಷಣವಿಲ್ಲದೆ, ಜಗಳ ತಮಾಷೆ ಗೊಣಗಾಟಗಳ ಮೂಲಕವೇ ಕಾಣಿಸುತ್ತಾರೆ. ಕಡೆಗೆ ಓತಿ ಕೈಗೆ ಸಿಕ್ಕದೆ ಕಣಿವೆಗೆ ತೇಲಿಹೋಗುತ್ತದೆ. ಓದುಗನಿಗೆ ಅದರಿಂದ ಮೋಸವಾದಂತೆನಿಸುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಅವನಿಗೆ ಆ ಗುಂಪು ದಕ್ಕಿರುತ್ತದೆ. ನಾರಾಯಣರು ಪಂದ್ಯವನ್ನು ಬಿಟ್ಟು ಸಿದ್ಧತೆಯನ್ನು ಹಿಡಿದ ಹಾಗೆಯೇ ಇದು. ಕುವೆಂಪು ಅವರ ಬೇಟೆಯ ಗುಂಪಿನಿಂದ ತೇಜಸ್ವಿಯವರ ಓತಿಯ ಗುಂಪಿಗೆ ಬಂದ ನಮ್ಮ ಸಾಹಿತ್ಯ, ಅಲ್ಲಿಂದ ಗದ್ದೆಯ ಹನ್ನೊಂದು ಮಂದಿಗೆ ಬರಲು ಒಂದೇ ಹೆಜ್ಜೆ ಬಾಕಿ.

ಈ ಹೆಜ್ಜೆಗೆ ಅಡ್ಡಿಯಾಗಿರುವುದರಲ್ಲಿ ಭಾಷೆಯೂ ಒಂದು. ತರಗತಿಯಲ್ಲಿ ಒಮ್ಮೆ ‘ನಮ್ಮೂರಿನ ಆಟ’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಹೇಳಿದೆ. ಬಂದ ಪ್ರಬಂಧಗಳಲ್ಲಿ ‘ರೋಚಕ ಹಣಾಹಣಿ’, ‘ಭರ್ಜರಿ ಜಯಭೇರಿ’, ‘ದಾಂಡಿಗರ ಅಬ್ಬರ’ ತುಂಬಿ ತುಳುಕುತ್ತಿದ್ದವು. ಬದು ತೆಗೆದ ಸಂಗತಿ ಒಬ್ಬನೂ ಬರೆದಿರಲಿಲ್ಲ. ಅದೇ ಹುಡುಗರು ಹೊರಗೆ ಮೆಟ್ಟಿಲ ಮೇಲೆ ಕೂತು ಮಾತಾಡುವಾಗ ‘ಟ್ರಯಲ್ ಬಾಲು’, ‘ಒನ್ ಪಿಚ್ ಕ್ಯಾಚು’, ಎರಡೂ ಕಡೆಗೆ ಆಡುವ ‘ಜೋಕರು’ ಎಲ್ಲವೂ ಸಲೀಸಾಗಿ ಬರುತ್ತಿದ್ದವು. ಗದ್ದೆಯ ಜಗಳ, ರಶೀದಿಯ ಲೆಕ್ಕ, ಯಾರೋ ಮುನಿಸಿಕೊಂಡು ಬ್ಯಾಟು ಮನೆಗೆ ಒಯ್ದದ್ದು ಎಲ್ಲವೂ ಹೊರಬೀಳುತ್ತಿದ್ದವು. ಪತ್ರಿಕೆಗಳ ಕ್ರೀಡಾ ಕನ್ನಡವನ್ನು ನಾನು ಹಳಿಯುವುದಿಲ್ಲ. ಚಿನ್ನಿದಾಂಡಿನ ದಾಂಡಿನಿಂದ ‘ದಾಂಡಿಗ’ನನ್ನು ಪಡೆದವರು ಭಾಷೆಯ ಮರ್ಮ ಬಲ್ಲವರೇ ಸರಿ. ಆದರೆ ಪಂದ್ಯಕ್ಕೆಂದು ಹುಟ್ಟಿದ ಆ ನುಡಿ ಸಿದ್ಧತೆಯನ್ನು ಹೇಳಲಾರದು. ಸಿದ್ಧತೆಗೆ ಮೆಟ್ಟಿಲ ಮೇಲಿನ ಮಾತೇ ಬೇಕು. ಅದನ್ನು ಬರೆಯುವ ಧೈರ್ಯವನ್ನು ಹುಡುಗರಿಗೆ ಕೊಡಬೇಕಾದವರು ನಾವು, ಪಾಠ ಹೇಳುವವರು.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ನಾನು ಇಲ್ಲಿಯವರೆಗೆ ಹುಡುಗರ ಮಾತನ್ನೇ ಆಡಿದೆ. ಸಂಘಗಳಲ್ಲಿ ಕಂಡದ್ದೂ ಅವರನ್ನೇ. ಆದರೆ ಈ ಜಿಲ್ಲೆಯಿಂದ ಭಾರತದ ತಂಡಕ್ಕೆ ಹೋಗಿ ಹೆಸರಾದವರು ಒಬ್ಬ ಹೆಣ್ಣುಮಗಳು. ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ ಭಾರತದ ಪರ ಏಕದಿನ ಪಂದ್ಯಕ್ಕೆ ಕಾಲಿಟ್ಟರು. 2017ರ ಜುಲೈ 23ರಂದು ಲಾರ್ಡ್ಸ್ ಮೈದಾನದಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ 35 ಓಟ ಗಳಿಸಿದರು. ಭಾರತ ಅಂದು 9 ಓಟಗಳಿಂದ ಸೋತಿತು. ಕಡೂರು ಬಯಲು ಸೀಮೆ, ಕಾಫಿ ನಾಡಲ್ಲ. ಆದರೂ ಅವರ ಹೆಸರು ಬೆಟ್ಟದ ಊರುಗಳಲ್ಲೂ ಹೆಮ್ಮೆಯ ಹೆಸರು. ಹೀಗಿದ್ದೂ ನಾನು ಕಂಡ ಆಯ್ಕೆಯ ಸಭೆಗಳಲ್ಲಿ ಹುಡುಗಿಯರಿರಲಿಲ್ಲ. ಒಂದೂರಿನಲ್ಲಿ ಸಂಘದ ಜಮಾ ಖರ್ಚಿನ ಪುಸ್ತಕ ನೋಡಿದೆ. ಅಕ್ಷರ ಮುತ್ತು ಪೋಣಿಸಿದಂತಿತ್ತು. ಯಾರ ಕೈಬರಹವೆಂದು ಕೇಳಿದೆ. “ನಮ್ಮಕ್ಕಂದು ಸಾರ್, ಬಿ.ಕಾಂ. ಓದ್ತಾಳೆ” ಎಂದ ಕಾರ್ಯದರ್ಶಿ. ಸಂಘದ ಲೆಕ್ಕವನ್ನೆಲ್ಲ ಬಲ್ಲ, ಯಾರು ಎಷ್ಟು ಕೊಟ್ಟರು, ಯಾರು ಕೊಡದೆ ಉಳಿದರು ಎಂಬುದನ್ನು ಬಲ್ಲ ಆ ಅಕ್ಕ ಮೈದಾನದಲ್ಲಿ ಎಲ್ಲೂ ಇಲ್ಲ. ಹಳ್ಳಿಯ ಕ್ರಿಕೆಟ್ಟಿನ ಕಾದಂಬರಿಗೆ ನಿರೂಪಕಿ ಬೇಕೆಂದರೆ ಅವಳಿಗಿಂತ ಬಲ್ಲವರು ಯಾರಿದ್ದಾರೆ?

ಅವಸರ ಮಾಡಿ ಎನ್ನಲು ಒಂದು ಕಾರಣವಿದೆ. ಈ ಆಟದ ನೆಲ ಭತ್ತದ ಗದ್ದೆ; ಆ ಗದ್ದೆಗಳೇ ಈಗ ಕಡಿಮೆಯಾಗುತ್ತಿವೆ. ಕೂಲಿಯ ಕೊರತೆ ಮತ್ತು ಭತ್ತದಿಂದ ಬರುವ ಅಲ್ಪ ಆದಾಯದಿಂದಾಗಿ ಮಲೆನಾಡಿನ ಕಣಿವೆಗಳಲ್ಲಿ ಗದ್ದೆಗಳು ಅಡಿಕೆ ತೋಟಗಳಾಗುತ್ತ ಬಂದಿವೆ. ಅದನ್ನು ನಡುವವರನ್ನು ದೂಷಿಸುವುದು ಪೇಟೆಯಲ್ಲಿ ಕೂತ ನನಗೆ ಶೋಭಿಸದು. ಬೇಸಾಯದ ಕಷ್ಟ ಬಲ್ಲವರು ಅವರು. ಆದರೆ ಭತ್ತ ವರ್ಷದಲ್ಲಿ ನಾಲ್ಕು ತಿಂಗಳು ನೆಲವನ್ನು ಊರಿಗೆ ಬಿಟ್ಟುಕೊಡುತ್ತಿತ್ತು. ಅಡಿಕೆ ಒಂದು ದಿನವೂ ಬಿಡುವುದಿಲ್ಲ. ಒಂದೂರಿನಲ್ಲಿ ಹುಡುಗರು ನನಗೆ ಹಿಂದಿನ ವರ್ಷದ ಪಿಚ್ಚಿನ ಜಾಗ ತೋರಿಸಿದರು. ಅಲ್ಲಿ ಮೊಣಕಾಲೆತ್ತರದ ಅಡಿಕೆ ಸಸಿಗಳು ಸಾಲಾಗಿ ನಿಂತಿದ್ದವು. ಆಡುವ ಪ್ರಾಯದವರಲ್ಲಿ ಹಲವರು ಬೆಂಗಳೂರು ಸೇರಿದ್ದಾರೆ. ಹನ್ನೊಂದು ಮಂದಿ ಕೂಡಿಸಲು ಹಬ್ಬದ ರಜೆಗೆ ಕಾಯಬೇಕೆಂದು ಅವರು ಹೇಳಿದರು.

ತೋಟದ ಮನೆಯವನೂ ಲೈನ್ ಮನೆಯವನೂ ಒಂದೇ ಚಾಪೆಯ ಮೇಲೆ ಕೂತು, ಒಂದೇ ಪಟ್ಟಿ ನೋಡುತ್ತ, ಒಬ್ಬರಿಗೊಬ್ಬರು ಎದುರು ಮಾತಾಡಬಲ್ಲ ಸ್ಥಳಗಳು ಕಾಫಿ ಸೀಮೆಯಲ್ಲಿ ಹೆಚ್ಚಿಲ್ಲ. ಆ ಮಾತು ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ನಿಂತಲ್ಲಿ ಯಾರು ನೆಲ ನೋಡುತ್ತಾರೆ ಎಂಬುದನ್ನು ಕನ್ನಡದಲ್ಲಿ ಬರೆದಿಡಬೇಕಾಗಿದೆ. ಬರೆಯುವವರು ಆ ಊರುಗಳಲ್ಲೇ ಇದ್ದಾರೆ; ಅವರಲ್ಲಿ ಕೆಲವರು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿಯೂ ಕೂತಿರಬಹುದು. ಪಂದ್ಯದ ಫಲಿತಾಂಶವನ್ನು ಅವರು ಪತ್ರಿಕೆಗೆ ಬಿಡಲಿ. ಬದು ತೆಗೆದ ದಿನದಿಂದ ಶುರುಮಾಡಿ, ಮಳೆಗೆ ಮುಂಚೆ ಅದನ್ನು ಮತ್ತೆ ಕಟ್ಟಲು ಯಾರು ಯಾರು ಬಂದರು ಎಂಬಲ್ಲಿಗೆ ಕಥೆ ನಿಲ್ಲಿಸಲಿ.